ಇಆರ್‌ಸಿಪಿ ನಂತರದ ಪ್ಯಾಂಕ್ರಿಯಾಟೈಟಿಸ್: ನನಗೆಷ್ಟು ಅಪಾಯ ಎಂದು ಮೊದಲೇ ಹೇಳಲು ಸಾಧ್ಯವೇ?

ಪ್ರಶ್ನೆ: ನಾನು 38 ವರ್ಷದ ಮಹಿಳೆ. ಕಲ್ಲುಗಳಿದ್ದ ಕಾರಣ ಎರಡು ವರ್ಷದ ಹಿಂದೆ ಪಿತ್ತಕೋಶ ತೆಗೆಸಿಕೊಂಡೆ. ಅದಕ್ಕೂ ಮುಂಚೆ ಒಮ್ಮೆ ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಯ ಉರಿಯೂತ) ಆಗಿ ಐದು ದಿನ ಆಸ್ಪತ್ರೆಯಲ್ಲಿದ್ದೆ. ಈಗ ಮತ್ತೆ ಬಲ ಪಕ್ಕೆಯ ಕೆಳಗೆ ಆಗಾಗ ನೋವು ಬರುತ್ತಿದೆ. ಸ್ಕ್ಯಾನಿಂಗ್ ವರದಿಯಲ್ಲಿ ‘ಪಿತ್ತನಾಳದಲ್ಲಿ ಸಣ್ಣ ಕಲ್ಲು ಇರುವ ಶಂಕೆ, ನಾಳದ ಅಗಲ 5 ಮಿ.ಮೀ.’ ಎಂದಿದೆ. ರಕ್ತದಲ್ಲಿ ಕಾಮಾಲೆಯ ಸೂಚಕವಾದ ಬಿಲಿರುಬಿನ್ ಸರಿಯಾಗಿದೆ. ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ಪಿತ್ತನಾಳದ ಕಲ್ಲು ತೆಗೆಯುವ ಇಆರ್‌ಸಿಪಿ ಮಾಡಿಸಿಕೊಳ್ಳಿ ಎನ್ನುತ್ತಿದ್ದಾರೆ. ಅದರಿಂದಲೇ ಪ್ಯಾಂಕ್ರಿಯಾಟೈಟಿಸ್ ಬರುವ ಸಾಧ್ಯತೆ ನೂರಕ್ಕೆ ನಾಲ್ಕು ಎಂದು ಒಬ್ಬ ವೈದ್ಯರು ಹೇಳಿದರೆ, ಹದಿನೈದು ಎಂದು ಇನ್ನೊಬ್ಬರು ಹೇಳಿದರು. ಅಂತರ್ಜಾಲದ ಕ್ಯಾಲ್ಕ್ಯುಲೇಟರ್ ಒಂದು 11.3 ಎಂದು ತೋರಿಸಿತು. ಯಾವುದನ್ನು ನಂಬಲಿ? ಇದನ್ನು ಖಚಿತವಾಗಿ ತಿಳಿಸುವ ರಕ್ತಪರೀಕ್ಷೆ ಇದೆಯೇ? ಅಪಾಯ ಹೆಚ್ಚೆಂದಾದರೆ ಬೇಡ ಎನ್ನಬಹುದೇ?

ಉತ್ತರ: ನಿಮಗೆ ಸಿಕ್ಕ ಮೂರು ಸಂಖ್ಯೆಗಳಲ್ಲಿ ಯಾವುದೂ ಸುಳ್ಳಲ್ಲ, ಆದರೆ ಮೂರೂ ಒಂದೇ ಪ್ರಶ್ನೆಗೆ ಕೊಟ್ಟ ಉತ್ತರಗಳಲ್ಲ. ಇಆರ್‌ಸಿಪಿ ಮಾಡಿಸಿಕೊಂಡ ಎಲ್ಲರನ್ನೂ ಒಟ್ಟಿಗೆ ಎಣಿಸಿದರೆ ಒಂದು ಸಂಖ್ಯೆ ಬರುತ್ತದೆ, ಅಪಾಯದ ಅಂಶಗಳಿರುವವರನ್ನು ಮಾತ್ರ ಎಣಿಸಿದರೆ ಇನ್ನೊಂದು. 2015ರಲ್ಲಿ ಪ್ರಕಟವಾದ ಒಂದು ಅವಲೋಕನವು 108 ಯಾದೃಚ್ಛಿಕ ಪ್ರಯೋಗಗಳಲ್ಲಿ ಯಾವ ಮುಂಜಾಗ್ರತಾ ಔಷಧವನ್ನೂ ಸ್ಟೆಂಟನ್ನೂ (ನಾಳದಲ್ಲಿಡುವ ಸಣ್ಣ ಕೊಳವೆ) ಪಡೆಯದ 13,296 ರೋಗಿಗಳನ್ನು ಒಟ್ಟುಗೂಡಿಸಿ ನೋಡಿದಾಗ, ಶೇ. 9.7 ಮಂದಿಗೆ ಪ್ಯಾಂಕ್ರಿಯಾಟೈಟಿಸ್ ಆಗಿತ್ತು; ಹೆಚ್ಚು ಅಪಾಯದವರಲ್ಲಿ ಈ ಪ್ರಮಾಣ ಶೇ. 14.7 ಇತ್ತು. ತೀವ್ರ ಸ್ವರೂಪದ ಕಾಯಿಲೆ ಸುಮಾರು ಶೇ. 0.5ರಷ್ಟು ಜನರಲ್ಲಿ ಮಾತ್ರ ಕಂಡುಬಂದಿತ್ತು. ನಾಲ್ಕು ಎಂದವರು ಬಹುಶಃ ಮುಂಜಾಗ್ರತೆಯ ಔಷಧ ಕೊಟ್ಟ ನಂತರದ, ಎಲ್ಲ ಬಗೆಯ ರೋಗಿಗಳ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ; ಹದಿನೈದು ಎಂದವರು ನಿಮ್ಮ ವಯಸ್ಸು, ಲಿಂಗ, ಹಿಂದಿನ ಕಾಯಿಲೆಗಳನ್ನು ನೋಡಿ ಮಾತಾಡಿದ್ದಾರೆ.

ಯಾವುದನ್ನು ಪ್ಯಾಂಕ್ರಿಯಾಟೈಟಿಸ್ ಎಂದು ಎಣಿಸುತ್ತೇವೆ ಎಂಬುದರಿಂದಲೂ ಸಂಖ್ಯೆ ಬದಲಾಗುತ್ತದೆ. 1991ರಲ್ಲಿ ತಜ್ಞರು ಒಮ್ಮತಕ್ಕೆ ಬಂದ ವ್ಯಾಖ್ಯೆಯ ಪ್ರಕಾರ ಹೊಟ್ಟೆನೋವು ಹೊಸದಾಗಿ ಬಂದಿರಬೇಕು ಅಥವಾ ಹಿಂದಿದ್ದ ನೋವು ಹೆಚ್ಚಿರಬೇಕು, 24 ಗಂಟೆಯ ನಂತರವೂ ರಕ್ತದಲ್ಲಿ ಅಮೈಲೇಸ್ ಎಂಬ ಜೀರ್ಣಕಿಣ್ವ ಗರಿಷ್ಠ ಮಿತಿಯ ಮೂರು ಪಟ್ಟು ಅಥವಾ ಅದಕ್ಕಿಂತ ಹೆಚ್ಚಿರಬೇಕು, ಆಸ್ಪತ್ರೆಯಲ್ಲಿ ಉಳಿಯಬೇಕಾಗಿ ಬಂದಿರಬೇಕು. ಎರಡು ಮೂರು ದಿನ ಉಳಿದರೆ ಸೌಮ್ಯ, ನಾಲ್ಕರಿಂದ ಹತ್ತು ದಿನವಾದರೆ ಮಧ್ಯಮ, ಹತ್ತು ದಿನ ಮೀರಿದರೆ ಅಥವಾ ರಕ್ತಸ್ರಾವ, ದ್ರವ ಶೇಖರಣೆಯಂಥ ತೊಡಕುಗಳಾದರೆ ತೀವ್ರ. ಇಆರ್‌ಸಿಪಿ ಆದ ಬಹಳಷ್ಟು ಜನರಲ್ಲಿ ನೋವೇ ಇಲ್ಲದೆ ಅಮೈಲೇಸ್ ಮಾತ್ರ ಏರುತ್ತದೆ. ಅದು ಕಾಯಿಲೆಯಲ್ಲ. ವರದಿಯಲ್ಲಿ ಕೆಂಪು ಅಕ್ಷರ ಕಂಡ ಮಾತ್ರಕ್ಕೆ ಗಾಬರಿಯಾಗಿ ಫೋನ್ ಮಾಡುವವರು ಅನೇಕರಿದ್ದಾರೆ, ಆದ್ದರಿಂದ ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಈ ಅಪಾಯ ಏಕೆ ಬರುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಉಳಿದದ್ದು ಸುಲಭವಾಗಿ ಅರ್ಥವಾಗುತ್ತದೆ. ಸಣ್ಣ ಕರುಳಿನ ಮೊದಲ ಬಾಗಿನಲ್ಲಿ, ಒಳಗೋಡೆಯ ಮೇಲೆ, ತೊಗರಿಕಾಳಿನಷ್ಟೋ ಅದಕ್ಕಿಂತ ತುಸು ದೊಡ್ಡದೋ ಆದ ಒಂದು ಗುಲಾಬಿ ಉಬ್ಬು ಇರುತ್ತದೆ. ಅದನ್ನು ಪ್ಯಾಪಿಲ್ಲ ಎನ್ನುತ್ತೇವೆ. ಪಿತ್ತನಾಳ ಮತ್ತು ಮೇದೋಜೀರಕ ಗ್ರಂಥಿಯ ನಾಳ ಎರಡೂ ಸಾಮಾನ್ಯವಾಗಿ ಇಲ್ಲಿಯೇ ಒಂದೇ ಬಾಯಿಯಿಂದ ತೆರೆದುಕೊಳ್ಳುತ್ತವೆ. ಎಂಡೋಸ್ಕೋಪಿನ ಪರದೆಯಲ್ಲಿ ನೋಡುವಾಗ ಪಿತ್ತನಾಳವು ಗಡಿಯಾರದ ಹನ್ನೊಂದು ಗಂಟೆಯ ದಿಕ್ಕಿಗೆ ಮೇಲಕ್ಕೆ ಓಡುತ್ತದೆ, ಗ್ರಂಥಿಯ ನಾಳ ಹೆಚ್ಚು ಕಡಿಮೆ ನೇರವಾಗಿ ಒಳಕ್ಕೆ ಹೋಗುತ್ತದೆ. ನಾವು ಹುಡುಕುವುದು ಮೊದಲನೆಯದನ್ನು. ಆದರೆ ನೂಲಿನಂಥ ಗೈಡ್ ವೈರ್ ಸಲೀಸಾಗಿ ಜಾರಿಕೊಳ್ಳುವುದು ಎರಡನೆಯದರೊಳಗೆ. ಎಕ್ಸ್-ರೇ ಪರದೆಯಲ್ಲಿ ವೈರ್ ಮೇಲಕ್ಕೆ ಏರುವ ಬದಲು ಬೆನ್ನುಮೂಳೆಯನ್ನು ಅಡ್ಡಲಾಗಿ ದಾಟಿ ಎಡಕ್ಕೆ ಹೊರಟಿತೆಂದರೆ ಅದು ಗ್ರಂಥಿಯೊಳಗೆ ಹೋಗಿದೆ ಎಂದೇ ಅರ್ಥ. ಹಿಂದಕ್ಕೆಳೆದು ಮತ್ತೆ ಪ್ರಯತ್ನಿಸುತ್ತೇವೆ. ಹೀಗೆ ತಾಗಿ ತಾಗಿ ಪ್ಯಾಪಿಲ್ಲ ಊದಿಕೊಂಡರೆ ಗ್ರಂಥಿಯ ರಸಕ್ಕೆ ಹೊರಹೋಗುವ ದಾರಿ ಮುಚ್ಚುತ್ತದೆ. ಎಕ್ಸ್-ರೇಯಲ್ಲಿ ಕಾಣಲೆಂದು ಹಾಕುವ ದ್ರವ ಒತ್ತಡದಿಂದ ಆ ನಾಳಕ್ಕೆ ನುಗ್ಗಿದರೆ ಒಳಗಿನ ಜೀವಕೋಶಗಳಿಗೆ ಪೆಟ್ಟಾಗುತ್ತದೆ. ಆಹಾರವನ್ನು ಜೀರ್ಣಿಸಬೇಕಾದ ಕಿಣ್ವಗಳು ಆಗ ಗ್ರಂಥಿಯೊಳಗೇ ಸಕ್ರಿಯವಾಗಿ ಉರಿಯೂತ ಶುರುವಾಗುತ್ತದೆ.

ಇದರಿಂದ ಒಂದು ವಿಚಿತ್ರ ಸಂಗತಿ ಹೊರಡುತ್ತದೆ. ಗ್ರಂಥಿ ಆರೋಗ್ಯವಾಗಿದ್ದಷ್ಟೂ ಅದು ಕೆರಳುವುದು ಸುಲಭ. ಬಹುಕಾಲದ ಕಾಯಿಲೆಯಿಂದ ಒಣಗಿ ಗಟ್ಟಿಯಾದ ಗ್ರಂಥಿಗೆ ಉರಿಯಲು ಹೆಚ್ಚೇನೂ ಉಳಿದಿರುವುದಿಲ್ಲ. ಹಿಂದೊಮ್ಮೆ ಪ್ಯಾಪಿಲ್ಲವನ್ನು ಕೊಯ್ದು ಅಗಲ ಮಾಡಿಸಿಕೊಂಡವರಿಗೂ ಅಪಾಯ ಕಡಿಮೆ, ಏಕೆಂದರೆ ಬಾಗಿಲು ಆಗಲೇ ತೆರೆದಿದೆ. ಕಾಮಾಲೆಯಿಂದ ಹಳದಿಯಾಗಿ, ಉಬ್ಬಿದ ಪಿತ್ತನಾಳದಲ್ಲಿ ದೊಡ್ಡ ಕಲ್ಲಿಟ್ಟುಕೊಂಡು ಬರುವ ಎಪ್ಪತ್ತರ ವೃದ್ಧರಿಗಿಂತ, ಬಿಲಿರುಬಿನ್ ಸರಿಯಿರುವ, ನಾಳ ಸಪೂರವಾಗಿರುವ, ನೋವೊಂದನ್ನೇ ಹೇಳಿಕೊಂಡು ಬರುವ ಯುವತಿಗೆ ಅಪಾಯ ಹೆಚ್ಚು. ಇಆರ್‌ಸಿಪಿಯ ಅಗತ್ಯ ಯಾರಿಗೆ ಎಲ್ಲರಿಗಿಂತ ಕಡಿಮೆಯೋ ಅವರಿಗೇ ಅದು ಎಲ್ಲರಿಗಿಂತ ಅಪಾಯಕಾರಿ ಎಂಬ ಮಾತು ನಮ್ಮ ವೃತ್ತಿಯಲ್ಲಿ ಹಳೆಯದು. ನಿಮ್ಮ ಪ್ರಶ್ನೆಯ ತಿರುಳು ಇಲ್ಲಿದೆ ಎಂದು ನನಗನ್ನಿಸುತ್ತದೆ.

2001ರಲ್ಲಿ ಅಮೆರಿಕದ ಹಲವು ಕೇಂದ್ರಗಳ ಸುಮಾರು ಎರಡು ಸಾವಿರ ಇಆರ್‌ಸಿಪಿಗಳನ್ನು ಆಧರಿಸಿ ಪ್ರಕಟವಾದ ಅಧ್ಯಯನವೊಂದು ಈ ಅಂಶಗಳು ಹೇಗೆ ಒಂದರ ಮೇಲೊಂದು ಸೇರಿಕೊಳ್ಳುತ್ತವೆ ಎಂಬುದನ್ನು ಚೆನ್ನಾಗಿ ತೋರಿಸಿತು. ಬಿಲಿರುಬಿನ್ ಸರಿಯಿರುವ ಮಹಿಳೆಯ ಅಪಾಯ ಶೇ. 5ರಷ್ಟಿದ್ದರೆ, ನಾಳದೊಳಗೆ ಪ್ರವೇಶಿಸುವುದು ಕಷ್ಟವಾದಾಗ ಅದು ಶೇ. 16ಕ್ಕೆ ಏರಿತು, ಇಷ್ಟೆಲ್ಲ ಆಗಿ ಕೊನೆಗೆ ಕಲ್ಲೂ ಸಿಗದಿದ್ದಾಗ ಶೇ. 42ನ್ನು ಮುಟ್ಟಿತು. ಆ ಕೊನೆಯ ಸಂಖ್ಯೆಯನ್ನು ಓದಿ ಹೆದರಬೇಡಿ. ಇಂದು ಬಳಸುವ ಮುಂಜಾಗ್ರತೆಗಳು ಅಂದು ಇಷ್ಟು ವಾಡಿಕೆಯಲ್ಲಿರಲಿಲ್ಲ. ಆದರೆ ಇದರಲ್ಲಿ ಎರಡು ಸಂಗತಿಗಳನ್ನು ಗಮನಿಸಿ. ಐದರಿಂದ ಹದಿನಾರಕ್ಕೆ ಏರಿಸಿದ ಅಂಶ ಮೇಜಿನ ಮೇಲೆ ಮಲಗುವವರೆಗೆ ಯಾರಿಗೂ ಗೊತ್ತಿರುವುದಿಲ್ಲ. ಹದಿನಾರರಿಂದ ನಲವತ್ತೆರಡಕ್ಕೆ ಏರಿಸಿದ ಅಂಶವನ್ನಾದರೋ ಬಹುಮಟ್ಟಿಗೆ ಮೊದಲೇ ತಿಳಿದುಕೊಳ್ಳಬಹುದು.

ಯುರೋಪಿನ ಎಂಡೋಸ್ಕೋಪಿ ತಜ್ಞರ ಸಂಘದ 2020ರ ಮಾರ್ಗಸೂಚಿ ಅಪಾಯದ ಅಂಶಗಳನ್ನು ‘ಖಚಿತ’ ಮತ್ತು ‘ಸಂಭಾವ್ಯ’ ಎಂದು ಎರಡಾಗಿ ವಿಂಗಡಿಸುತ್ತದೆ. ರೋಗಿಗೆ ಸಂಬಂಧಿಸಿದ ಖಚಿತ ಅಂಶಗಳು ನಾಲ್ಕು: ಮಹಿಳೆಯಾಗಿರುವುದು, ಹಿಂದೆ ಪ್ಯಾಂಕ್ರಿಯಾಟೈಟಿಸ್ ಆಗಿರುವುದು, ಹಿಂದೆ ಇಆರ್‌ಸಿಪಿಯಿಂದಲೇ ಅದು ಆಗಿರುವುದು, ಮತ್ತು ಪ್ಯಾಪಿಲ್ಲದ ಸ್ನಾಯು ಸರಿಯಾಗಿ ಸಡಿಲಗೊಳ್ಳುತ್ತಿಲ್ಲ ಎಂಬ ಶಂಕೆ. ಚಿಕ್ಕ ವಯಸ್ಸು, ಉಬ್ಬದ ಪಿತ್ತನಾಳ, ಸರಿಯಿರುವ ಬಿಲಿರುಬಿನ್ ಮುಂತಾದವು ಸಂಭಾವ್ಯ ಅಂಶಗಳು. ಒಂದು ಖಚಿತ ಅಂಶ ಅಥವಾ ಎರಡು ಸಂಭಾವ್ಯ ಅಂಶಗಳಿದ್ದರೆ ಹೆಚ್ಚು ಅಪಾಯದವರು ಎಂದು ಪರಿಗಣಿಸಲಾಗುತ್ತದೆ. ನಿಮಗೆ ಎರಡು ಖಚಿತ ಅಂಶಗಳಿವೆ, ಸಂಭಾವ್ಯವಾದವೂ ಇವೆ. ಹಾಗಾಗಿ ನೀವು ಹೆಚ್ಚು ಅಪಾಯದ ಗುಂಪಿನವರೇ, ಅದರಲ್ಲಿ ಅನುಮಾನವಿಲ್ಲ. ಆದರೂ ಒಂದು ಮಾತು: ಮಹಿಳೆ ಎಂಬ ಒಂದೇ ಕಾರಣಕ್ಕೆ ಈ ಪಟ್ಟಿಗೆ ಸೇರಿಸಿದರೆ ಬರುವ ರೋಗಿಗಳಲ್ಲಿ ಅರ್ಧದಷ್ಟು ಜನ ಹೆಚ್ಚು ಅಪಾಯದವರಾಗಿಬಿಡುತ್ತಾರೆ. ಅಷ್ಟು ಅಗಲವಾದ ಹಣೆಪಟ್ಟಿ ಒಬ್ಬೊಬ್ಬ ರೋಗಿಯ ವಿಷಯದಲ್ಲಿ ಹೆಚ್ಚೇನನ್ನೂ ಹೇಳುವುದಿಲ್ಲ.

ಈ ಕೊರತೆಯನ್ನು ತುಂಬಲೆಂದೇ ಅಂಕಪಟ್ಟಿಗಳೂ ಕ್ಯಾಲ್ಕ್ಯುಲೇಟರುಗಳೂ ಹುಟ್ಟಿಕೊಂಡವು. ಹಿಂದೆ ಇಆರ್‌ಸಿಪಿಗೆ ಒಳಗಾದ ನೂರಾರು ಅಥವಾ ಸಾವಿರಾರು ಜನರ ಮಾಹಿತಿಯನ್ನು ತೆಗೆದುಕೊಂಡು, ಯಾವ ಅಂಶಕ್ಕೆ ಎಷ್ಟು ತೂಕ ಕೊಟ್ಟರೆ ಕಾಯಿಲೆ ಬಂದವರನ್ನೂ ಬಾರದವರನ್ನೂ ಚೆನ್ನಾಗಿ ಬೇರ್ಪಡಿಸಬಹುದು ಎಂದು ಲೆಕ್ಕ ಹಾಕುತ್ತಾರೆ. ಇತ್ತೀಚೆಗೆ ಈ ಕೆಲಸವನ್ನು ಯಂತ್ರಕಲಿಕೆಯ ಮಾದರಿಗಳಿಂದಲೂ ಮಾಡಿಸುತ್ತಿದ್ದಾರೆ. ಅವುಗಳ ಸಾಮರ್ಥ್ಯವನ್ನು ಅಳೆಯುವ ಒಂದು ಸಾಮಾನ್ಯ ವಿಧಾನ ಹೀಗಿದೆ: ಕಾಯಿಲೆ ಬಂದವರಲ್ಲಿ ಒಬ್ಬರನ್ನೂ ಬಾರದವರಲ್ಲಿ ಒಬ್ಬರನ್ನೂ ಚೀಟಿ ಎತ್ತಿದಂತೆ ಆರಿಸಿ, ಮೊದಲನೆಯವರಿಗೇ ಹೆಚ್ಚು ಅಂಕ ಬಂದಿರುವ ಸಂಭವ ಎಷ್ಟು ಎಂದು ನೋಡುವುದು. ಉತ್ತರ 0.5 ಆದರೆ ಆ ಅಂಕಪಟ್ಟಿಗೂ ನಾಣ್ಯ ಚಿಮ್ಮುವುದಕ್ಕೂ ವ್ಯತ್ಯಾಸವಿಲ್ಲ. 1 ಆದರೆ ಎಂದೂ ತಪ್ಪುವುದಿಲ್ಲ. ಈ ಕ್ಷೇತ್ರದ ಬಹಳಷ್ಟು ಮಾದರಿಗಳು 0.7ರ ಆಸುಪಾಸಿನಲ್ಲಿ ಓಡಾಡುತ್ತವೆ.

0.7 ಎಂದರೆ ಪರವಾಗಿಲ್ಲ ಅನ್ನಿಸಬಹುದು. ಅದು ಒಬ್ಬ ರೋಗಿಯ ಪಾಲಿಗೆ ಎಷ್ಟರಮಟ್ಟಿಗೆ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಒಂದು ಕಾಲ್ಪನಿಕ ಲೆಕ್ಕದಿಂದ ತೋರಿಸುತ್ತೇನೆ. ಸಾವಿರ ಜನರಲ್ಲಿ 80 ಮಂದಿಗೆ ಕಾಯಿಲೆ ಬರುತ್ತದೆ ಎಂದಿಟ್ಟುಕೊಳ್ಳಿ. ಬರುವವರಲ್ಲಿ ಶೇ. 70 ಮಂದಿಯನ್ನು ಹಿಡಿಯುವ, ಬಾರದವರಲ್ಲಿ ಶೇ. 70 ಮಂದಿಯನ್ನು ಸರಿಯಾಗಿ ಬಿಟ್ಟುಬಿಡುವ ಅಂಕಪಟ್ಟಿ ನಮ್ಮಲ್ಲಿದೆ. ಅದು 80ರಲ್ಲಿ 56 ಜನರನ್ನು ಗುರುತಿಸುತ್ತದೆ. ಜೊತೆಗೆ ಏನೂ ಆಗದ 920 ಜನರಲ್ಲಿ 276 ಮಂದಿಗೂ ಎಚ್ಚರಿಕೆ ಕೊಡುತ್ತದೆ. ಹಾಗಾಗಿ ಎಚ್ಚರಿಕೆ ಪಡೆದ 332 ಜನರಲ್ಲಿ ನಿಜವಾಗಿ ಕಾಯಿಲೆ ಬರುವುದು 56 ಜನರಿಗೆ, ಅಂದರೆ ನೂರಕ್ಕೆ ಸುಮಾರು 17. ‘ಏನೂ ಇಲ್ಲ’ ಎನ್ನಿಸಿಕೊಂಡ 668 ಜನರಲ್ಲೂ 24 ಮಂದಿಗೆ, ಅಂದರೆ ನೂರಕ್ಕೆ ಮೂರೂವರೆಯಷ್ಟು ಜನರಿಗೆ, ಅದು ಬಂದೇ ಬರುತ್ತದೆ. ಹೆಚ್ಚು ಅಪಾಯ ಎಂದು ಗುರುತು ಹಾಕಿಸಿಕೊಂಡವರಲ್ಲಿ ಆರರಲ್ಲಿ ಐವರು ಏನೂ ಆಗದೆ ಮನೆಗೆ ಹೋಗುತ್ತಾರೆ ಎಂಬುದನ್ನು ನೋಡಿ.

ಇನ್ನು 11.3 ಎಂಬ ದಶಮಾಂಶದ ವಿಷಯ. ಆ ಚುಕ್ಕಿಯ ಆಚೆಗಿನ ಮೂರಕ್ಕೆ ಅರ್ಥವಿಲ್ಲ. ಒಂದು ಕೇಂದ್ರದ ರೋಗಿಗಳ ಮೇಲೆ ಕಟ್ಟಿದ ಮಾದರಿಯನ್ನು ಮತ್ತೊಂದು ಕೇಂದ್ರಕ್ಕೆ ಒಯ್ದಾಗ ಅದರ ನಿಖರತೆ ಸಾಮಾನ್ಯವಾಗಿ ಕುಗ್ಗುತ್ತದೆ, ಏಕೆಂದರೆ ಅಲ್ಲಿ ಬರುವ ರೋಗಿಗಳು ಬೇರೆ, ಕೈಗಳು ಬೇರೆ, ಕೊಡುವ ಔಷಧ ಬೇರೆ. ನೀವು ಬಳಸಿದ ಕ್ಯಾಲ್ಕ್ಯುಲೇಟರ್ ಔಷಧ ಕೊಟ್ಟವರ ಲೆಕ್ಕವೋ ಕೊಡದವರ ಲೆಕ್ಕವೋ ಎಂದು ಕೇಳಿತ್ತೇ? ‘ವೈರ್ ಎಷ್ಟು ಸಲ ಗ್ರಂಥಿಯ ನಾಳಕ್ಕೆ ಹೋಯಿತು’ ಎಂಬ ಕಲಂ ಅದರಲ್ಲಿತ್ತೇ? ಇದ್ದರೆ ಅದು ಇಆರ್‌ಸಿಪಿ ಮುಗಿದ ಮೇಲೆ ವೈದ್ಯರು ತುಂಬಬೇಕಾದದ್ದು. ಇಲ್ಲದಿದ್ದರೆ ಅಪಾಯದ ಅತಿ ದೊಡ್ಡ ಭಾಗವನ್ನೇ ಬಿಟ್ಟು ಹಾಕಿದ ಲೆಕ್ಕ ಅದು. ನಿಮ್ಮ ಅಪಾಯ ಸಾಧಾರಣಕ್ಕಿಂತ ಹೆಚ್ಚು, ಆದರೂ ಏನೂ ಆಗದಿರುವ ಸಂಭವವೇ ಬಹುಪಾಲು ಎಂಬಷ್ಟನ್ನು ಅದರಿಂದ ತೆಗೆದುಕೊಳ್ಳಿ, ಸಾಕು. ಖಚಿತವಾಗಿ ಮುನ್ಸೂಚನೆ ಕೊಡುವ ರಕ್ತಪರೀಕ್ಷೆ ಇಲ್ಲ. ಮೊದಲೇ ಮಾಡಿಸಿದ ಅಮೈಲೇಸ್ ಸರಿಯಿದ್ದರೆ ಅದರಿಂದ ಮುಂದಿನ ದಿನದ ಬಗ್ಗೆ ಏನೂ ತಿಳಿಯುವುದಿಲ್ಲ.

ಹಾಗಾದರೆ ಅಂದಾಜು ಮಾಡುವುದಾದರೂ ಏಕೆ? ಒಂದೊಂದು ಹಂತದಲ್ಲಿ ತೆಗೆದುಕೊಳ್ಳಬೇಕಾದ ಒಂದೊಂದು ತೀರ್ಮಾನಕ್ಕಾಗಿ. ಮೊದಲನೆಯ ತೀರ್ಮಾನವೇ ಅತಿ ಮುಖ್ಯ: ಇಆರ್‌ಸಿಪಿ ಬೇಕೇ? ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು 11.3ರ ಮೇಲಲ್ಲ, ‘ಶಂಕೆ’ ಎಂಬ ಪದದ ಮೇಲೆ. ಹೊಟ್ಟೆಯ ಮೇಲಿಂದ ಮಾಡುವ ಸ್ಕ್ಯಾನಿಂಗ್‌ಗೆ ಪಿತ್ತನಾಳದ ಕೆಳತುದಿ ಅನೇಕ ವೇಳೆ ಕರುಳಿನ ಗಾಳಿಯಿಂದಾಗಿ ಕಾಣುವುದೇ ಇಲ್ಲ. 5 ಮಿ.ಮೀ. ಅಗಲದ, ಉಬ್ಬದ ನಾಳ, ಸರಿಯಿರುವ ಬಿಲಿರುಬಿನ್ ಎರಡೂ ಕಲ್ಲಿನ ಪರವಾಗಿ ಸಾಕ್ಷಿ ಹೇಳುತ್ತಿಲ್ಲ. ಹಾಗೆಂದು ಕಲ್ಲಿಲ್ಲ ಎನ್ನಲೂ ಆಗದು. ಇಂಥಲ್ಲಿ ಮೊದಲು ಎಂಆರ್‌ಸಿಪಿ ಎಂಬ ಎಂಆರ್‌ಐ ಸ್ಕ್ಯಾನ್ ಅಥವಾ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ (ಎಂಡೋಸ್ಕೋಪಿನ ತುದಿಯಿಂದ ಒಳಗಿನಿಂದಲೇ ಮಾಡುವ ಸ್ಕ್ಯಾನಿಂಗ್) ಮಾಡಿಸಬೇಕು. ಇವುಗಳಲ್ಲಿ ಯಾರೂ ಪ್ಯಾಪಿಲ್ಲವನ್ನು ಕೆದಕುವುದಿಲ್ಲ. 5 ಮಿ.ಮೀ.ಗಿಂತ ಸಣ್ಣ ಕಲ್ಲುಗಳನ್ನು ಎಂಆರ್‌ಸಿಪಿ ಕೆಲವೊಮ್ಮೆ ತಪ್ಪಿಸಿಕೊಳ್ಳಲು ಬಿಡುತ್ತದೆ; ಅವನ್ನು ಹಿಡಿಯುವುದರಲ್ಲಿ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಮೇಲು.

ಕಲ್ಲು ಸಿಕ್ಕಿತೆಂದರೆ ಲೆಕ್ಕವೇ ಬದಲಾಗುತ್ತದೆ. ನಾಳದಲ್ಲಿ ಉಳಿದ ಕಲ್ಲು ಯಾವತ್ತಾದರೂ ಪ್ಯಾಪಿಲ್ಲಕ್ಕೆ ಬಂದು ಸಿಕ್ಕಿಕೊಂಡು ಕಾಮಾಲೆ, ಪಿತ್ತನಾಳದ ಸೋಂಕು ಅಥವಾ ನೀವು ಒಮ್ಮೆ ಅನುಭವಿಸಿದ ಪ್ಯಾಂಕ್ರಿಯಾಟೈಟಿಸನ್ನೇ ತರಬಹುದು; ಆಗ ತೂಗಿ ನೋಡಬೇಕಾದದ್ದು ಮಾಡಿಸಿಕೊಂಡರೆ ಬರುವ ಅಪಾಯವನ್ನು ಮಾತ್ರವಲ್ಲ, ಮಾಡಿಸದೆ ಬಿಟ್ಟರೆ ಬರುವುದನ್ನೂ ಕೂಡ. ಅಂಥ ಸಂದರ್ಭದಲ್ಲಿ ಹದಿನೈದು ಎಂಬ ಸಂಖ್ಯೆಗೆ ಹೆದರಿ ಬೇಡ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಕಲ್ಲು ಸಿಗದಿದ್ದರೆ, ರಕ್ತಪರೀಕ್ಷೆಯೂ ಸರಿಯಿದ್ದರೆ, ಪಿತ್ತಕೋಶ ತೆಗೆದ ಮೇಲೂ ಉಳಿದ ನೋವು ಎಂಬುದೊಂದೇ ಉಳಿಯುತ್ತದೆ. ಅಂಥ 214 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪ್ಯಾಪಿಲ್ಲವನ್ನು ನಿಜವಾಗಿ ಕೊಯ್ದವರಲ್ಲಿ ಶೇ. 23 ಮಂದಿಗೆ ಗುಣ ಕಂಡರೆ, ಕೊಯ್ಯದೆ ಸುಮ್ಮನೆ ಹೊರಬಂದವರಲ್ಲಿ ಶೇ. 37 ಮಂದಿಗೆ ಗುಣ ಕಂಡಿತು. ಆ ಪರಿಸ್ಥಿತಿಯಲ್ಲಿ ನೀವು ಧಾರಾಳವಾಗಿ ಬೇಡ ಎನ್ನಬಹುದು.

ಇಆರ್‌ಸಿಪಿ ಆಗಲೇಬೇಕು ಎಂದಾದರೆ, ಮುಂದಿನ ತೀರ್ಮಾನಕ್ಕೆ ಯಾವ ಅಂಕಪಟ್ಟಿಯೂ ಬೇಕಿಲ್ಲ. ಶುರುವಾಗುವ ತುಸು ಮೊದಲು 100 ಮಿ.ಗ್ರಾಂ. ಇಂಡೋಮೆಥಸಿನ್ ಅಥವಾ ಡೈಕ್ಲೋಫಿನ್ಯಾಕ್ ಔಷಧವನ್ನು ಗುದದ್ವಾರದ ಮೂಲಕ ಇಡುವುದು, ಬಾಧಕ ಕಾರಣಗಳಿಲ್ಲದ ಎಲ್ಲರಿಗೂ ಸೂಕ್ತ. 2012ರಲ್ಲಿ ಪ್ರಕಟವಾದ, 602 ಜನರ ಮೇಲೆ ನಡೆದ ಪ್ರಯೋಗದಲ್ಲಿ, ಇಆರ್‌ಸಿಪಿ ಆದ ತಕ್ಷಣ ಕೊಟ್ಟ ಇಂಡೋಮೆಥಸಿನ್‌ನಿಂದ ಪ್ಯಾಂಕ್ರಿಯಾಟೈಟಿಸ್ ಪ್ರಮಾಣ ಶೇ. 16.9ರಿಂದ 9.2ಕ್ಕೆ ಇಳಿದಿತ್ತು. ಆಮೇಲೆ, 2016ರಲ್ಲಿ, ಚೀನಾದಲ್ಲಿ 2,600 ಜನರ ಮೇಲೆ ನಡೆದ ಪ್ರಯೋಗವು ಅಪಾಯ ಹೆಚ್ಚಿರುವವರನ್ನು ಆರಿಸಿ ಇಆರ್‌ಸಿಪಿ ಆದ ಮೇಲೆ ಕೊಡುವುದಕ್ಕಿಂತ ಎಲ್ಲರಿಗೂ ಮೊದಲೇ ಕೊಡುವುದು ಮೇಲೆಂದು ತೋರಿಸಿತು: ಶೇ. 8ರ ಬದಲು ಶೇ. 4. ಮುನ್ಸೂಚನೆಯ ವಿಷಯದಲ್ಲಿ ಇದಕ್ಕಿಂತ ಉಪಯುಕ್ತ ಪಾಠ ನನಗೆ ಗೊತ್ತಿಲ್ಲ. ಅಗ್ಗದ, ಸುರಕ್ಷಿತ ಉಪಾಯವಿದ್ದಾಗ ಯಾರಿಗೆ ಬೇಕು ಎಂದು ಊಹಿಸುತ್ತ ಕೂರುವುದೇ ನಷ್ಟ. ನೋವುನಿವಾರಕ ಮಾತ್ರೆಗಳಿಂದ ಹಿಂದೆ ನಿಮಗೆ ಅಲರ್ಜಿ ಆಗಿದ್ದರೆ, ಮೂತ್ರಪಿಂಡದ ತೊಂದರೆಯಿದ್ದರೆ, ಗರ್ಭಿಣಿಯಾಗಿದ್ದರೆ ತಪ್ಪದೆ ತಿಳಿಸಿ.

ಅಂದಾಜು ನಿಜವಾಗಿ ಕೆಲಸಕ್ಕೆ ಬರುವುದು ಮೇಜಿನ ಮೇಲೆ. ಪ್ಯಾಪಿಲ್ಲವನ್ನು ಐದಕ್ಕಿಂತ ಹೆಚ್ಚು ಸಲ ಮುಟ್ಟಬೇಕಾಗಿ ಬಂದರೆ, ಐದು ನಿಮಿಷ ಕಳೆದರೂ ಒಳಗೆ ಹೋಗಲಾಗದಿದ್ದರೆ, ವೈರ್ ಒಂದಕ್ಕಿಂತ ಹೆಚ್ಚು ಸಲ ಗ್ರಂಥಿಯ ನಾಳಕ್ಕೆ ಜಾರಿದರೆ, ಅದನ್ನು ಕಷ್ಟದ ಪ್ರವೇಶ ಎಂದು ಪರಿಗಣಿಸಿ ದಾರಿ ಬದಲಿಸುತ್ತಾರೆ. ಆಗ ಗ್ರಂಥಿಯ ನಾಳದಲ್ಲಿ ಪ್ಲಾಸ್ಟಿಕ್ಕಿನ ಸಪೂರ ಸ್ಟೆಂಟ್ ಇಟ್ಟರೆ, ಪ್ಯಾಪಿಲ್ಲ ಊದಿಕೊಂಡರೂ ರಸ ಹೊರಗೆ ಹರಿಯುತ್ತದೆ. ಇಂಡೋಮೆಥಸಿನ್ ಒಂದನ್ನೇ ಕೊಡುವುದನ್ನೂ ಜೊತೆಗೆ ಸ್ಟೆಂಟ್ ಇಡುವುದನ್ನೂ ಹೆಚ್ಚು ಅಪಾಯದ 1,950 ಜನರಲ್ಲಿ ಹೋಲಿಸಿ 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪ್ಯಾಂಕ್ರಿಯಾಟೈಟಿಸ್ ಪ್ರಮಾಣ ಕ್ರಮವಾಗಿ ಶೇ. 14.9 ಮತ್ತು 11.3 ಇತ್ತು. (ನಿಮ್ಮ ಕ್ಯಾಲ್ಕ್ಯುಲೇಟರಿನ ಸಂಖ್ಯೆಯೂ ಇದೂ ಒಂದೇ ಆಗಿರುವುದು ಕಾಕತಾಳೀಯ.) ಆದರೆ ಸ್ಟೆಂಟ್ ಇಡಲು ಹೋಗಿ ಆಗದಿದ್ದರೆ ಅಪಾಯ ಇನ್ನಷ್ಟು ಹೆಚ್ಚುತ್ತದೆ, ಆದ್ದರಿಂದ ಇದು ಪಳಗಿದ ಕೈಗಳ ಕೆಲಸ. ಅದು ಸಾಮಾನ್ಯವಾಗಿ ತಾನಾಗಿಯೇ ಕರುಳಿಗೆ ಜಾರಿ ಹೋಗುತ್ತದೆ, ಹೋಗಿದೆಯೇ ಎಂದು ಹತ್ತು ದಿನದೊಳಗೆ ಎಕ್ಸ್-ರೇ ತೆಗೆಸಿ ನೋಡಬೇಕು. ನರದ ಮೂಲಕ ರಿಂಗರ್ ಲ್ಯಾಕ್ಟೇಟ್ ದ್ರವವನ್ನು ಧಾರಾಳವಾಗಿ ಕೊಡುವ ಕ್ರಮವೂ ಇದೆ. ಇಂಡೋಮೆಥಸಿನ್ ಅಥವಾ ಡೈಕ್ಲೋಫಿನ್ಯಾಕ್ ಕೊಡಲಾಗದವರಿಗೆ ಅದು ನೆರವಾಗಬಹುದು; ಆ ಔಷಧವನ್ನು ಪಡೆದವರಿಗೆ ಅದರಿಂದ ಹೆಚ್ಚಿನ ಲಾಭ ನೆದರ್ಲೆಂಡ್ಸ್‌ನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಾಣಲಿಲ್ಲ.

ಇಆರ್‌ಸಿಪಿ ಮುಗಿದ ಮೇಲೆ ನಿಮಗೆ ಬೇಕಿದ್ದ ರಕ್ತಪರೀಕ್ಷೆ ಒಂದು ಬಗೆಯಲ್ಲಿ ಸಿಗುತ್ತದೆ. ಎರಡರಿಂದ ಆರು ಗಂಟೆಯೊಳಗೆ ತೆಗೆದ ರಕ್ತದಲ್ಲಿ ಅಮೈಲೇಸ್ ಗರಿಷ್ಠ ಮಿತಿಯ ಒಂದೂವರೆ ಪಟ್ಟಿಗಿಂತ, ಲೈಪೇಸ್ ಎಂಬ ಇನ್ನೊಂದು ಕಿಣ್ವ ನಾಲ್ಕು ಪಟ್ಟಿಗಿಂತ ಕಡಿಮೆಯಿದ್ದರೆ ಪ್ಯಾಂಕ್ರಿಯಾಟೈಟಿಸ್ ಬರುವ ಸಂಭವ ತೀರ ಕಡಿಮೆ, ಅಂದೇ ಮನೆಗೆ ಕಳಿಸಬಹುದು. ಹೆಚ್ಚಿದ್ದರೆ ಕಾಯಿಲೆ ಬಂದೇ ಬರುತ್ತದೆ ಎಂದಲ್ಲ, ಒಂದು ರಾತ್ರಿ ಉಳಿಸಿಕೊಂಡು ನೋಡಬೇಕು ಎಂದರ್ಥ. ನಿಮ್ಮ ವಿಷಯದಲ್ಲಿ, ಪ್ರವೇಶ ಕಷ್ಟವಾಯಿತೆಂದು ವೈದ್ಯರು ಹೇಳಿದರೆ, ವರದಿ ಹೇಗೇ ಇರಲಿ, ಆ ರಾತ್ರಿ ಆಸ್ಪತ್ರೆಯಲ್ಲೇ ಇರಿ ಎನ್ನುತ್ತೇನೆ. ಮನೆಗೆ ಹೋದ ಮೇಲೆ ಮೇಲ್ಹೊಟ್ಟೆಯಲ್ಲಿ ಹುಟ್ಟಿ ಬೆನ್ನಿಗೆ ಹರಡುವ, ಬಿಡದೆ ಏರುತ್ತಲೇ ಹೋಗುವ ನೋವು ಬಂದು, ಜೊತೆಗೆ ವಾಂತಿಯಾದರೆ, ನೀವು ಅದನ್ನು ಹಿಂದೊಮ್ಮೆ ಅನುಭವಿಸಿದವರಾದ್ದರಿಂದ ಗುರುತು ಹಿಡಿಯುತ್ತೀರಿ. ಬೆಳಗಾಗಲಿ ಎಂದು ಕಾಯದೆ ಹೊರಟುಬಿಡಿ.